ಹಾರ್ಟ್ ಆಪರೇಷನ್ ಆಗಿ ವರ್ಷಗಳಾದ್ಮೇಲೆ ಸೈಕಲ್ ಟೆಸ್ಟ್: ಹೇಗೆ ಮಾಡಿಸ್ಕೊಳ್ಳೋದು

ಚಿಕ್ಕೋರಿದ್ದಾಗ ಹಾರ್ಟ್ ಆಪರೇಷನ್ ಆದೋರನ್ನ ಹೇಗಿದೀರ ಅಂತ ಕೇಳಿ, ಏನೂ ತೊಂದ್ರೆ ಇಲ್ಲ ಅಂತಾರೆ. ನಾನೂ ಹಾಗೇ ಅಂತಿದ್ದೆ. ನನ್ನದು ಟೆಟ್ರಾಲಜಿ ಆಫ್ ಫ್ಯಾಲೋ, ಹಾರ್ಟಿನ ಕೆಳಗಿನ ಎರಡು ಕೋಣೆ ಮಧ್ಯೆ ತೂತು, ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿ ಇಕ್ಕಟ್ಟು, ಜೊತೆಗೆ ಇನ್ನೆರಡು ದೋಷ, ನಾಲ್ಕನೇ ವಯಸ್ಸಲ್ಲಿ ಸರಿಮಾಡಿದ್ರು. ಆದ್ರೆ ಬಾಲ್ಯದಿಂದ ಅರ್ಧ ಮೆಟ್ಟಿಲು ಹತ್ತಿ ನಿಂತು ಸುಧಾರಿಸ್ಕೊಂಡೇ ಬೆಳೆದೋರಿಗೆ ಅದೇ ಮಾಮೂಲು ಅನ್ಸತ್ತೆ, ಸುಸ್ತು ಅಂದ್ರೆ ಎಷ್ಟು ಅಂತ ಹೋಲಿಸೋಕೆ ಏನೂ ಇರಲ್ಲ. ಮಲಗಿಸಿ ಮಾಡೋ ಎಕೋ ಕೂಡ ಹಾರ್ಟು ಸುಮ್ನಿದ್ದಾಗಿನ ಕಥೆನೇ ಹೇಳೋದು. ದುಡಿಯುವಾಗ ಏನಾಗತ್ತೆ ಅಂತ ನೋಡೋಕೆ ಸೈಕಲ್ ತುಳಿಸಿ ಮಾಡೋ ಸಿಪಿಇಟಿ ಅನ್ನೋ ಟೆಸ್ಟ್ ಇದೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡೋ ಟಿಎಂಟಿ ಬೇರೆ, ಇದು ಬೇರೆ. ಇದರಲ್ಲಿ ಮಾಸ್ಕ್ ಹಾಕಿ ಒಂದೊಂದು ಉಸಿರಲ್ಲೂ ಎಷ್ಟು ಆಕ್ಸಿಜನ್ ಒಳಗೆ ಹೋಯ್ತು, ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಗೆ ಬಂತು ಅಂತ ಅಳೀತಾರೆ.

ಮೊದಲನೇ ಕೆಲಸ, ಹಳೇ ಆಪರೇಷನ್ ಪೇಪರ್ ಹುಡುಕಿ. ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. 1944ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಶುರುವಾದ, ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗೋ ಹಾಗೆ ಮಾಡೋ ಬ್ಲಾಲಾಕ್ ಟಾಸಿಗ್ ಶಂಟ್ ಅನ್ನೋ ಆಪರೇಷನ್‌ನ ಹಳೇ ವಿಧಾನದಲ್ಲಿ ಕೈಗೆ ಹೋಗೋ ರಕ್ತನಾಳವನ್ನೇ ತಿರುಗಿಸಿ ಶ್ವಾಸಕೋಶದ ನಾಳಕ್ಕೆ ಜೋಡಿಸ್ತಿದ್ರು, ಹಾಗಾಗಿ ಆ ಕಡೆ ಕೈಯಲ್ಲಿ ಬಿಪಿ ನೋಡಿದ್ರೆ ಸುಳ್ಳು ಕಡಿಮೆ ತೋರ್ಸತ್ತೆ. ಒಂದು ಕಡೆ ನನಗೂ ಕೇಳದೇ ಅದೇ ಕೈಗೆ ಪಟ್ಟಿ ಸುತ್ತಿಬಿಟ್ಟಿದ್ರು, ಆ ಪೂರ್ತಿ ಟೆಸ್ಟಿನ ಬಿಪಿ ವೇಸ್ಟ್. ಯಾವ ಕೈ ಅಂತ ನೀವೇ ಹೇಳಿ.

ಮಾತ್ರೆ ವಿಷಯ: ಬೀಟಾ ಬ್ಲಾಕರ್ ತಗೊಳ್ತಿದ್ರೆ ಹಾರ್ಟ್ ರೇಟ್ ಅಷ್ಟಾಗಿ ಮೇಲೆ ಏರಲ್ಲ, ಆದ್ರೆ ನಾವಾಗೇ ನಿಲ್ಲಿಸೋ ಹಾಗಿಲ್ಲ, ಡಾಕ್ಟರನ್ನ ಕೇಳಿ. ಹೊಟ್ಟೆ ತುಂಬ ತಿಂದು ಹೋಗ್ಬೇಡಿ, ಶೂ ಹಾಕ್ಕೊಂಡು ಹೋಗಿ.

ಅಲ್ಲಿ ಮೊದಲು ಜೋರಾಗಿ ಊದಿಸ್ತಾರೆ, ಎದೆ ತೆರೆದು ಆಪರೇಷನ್ ಆದ ಎಷ್ಟೋ ಜನರಿಗೆ ಶ್ವಾಸಕೋಶದ ಸಾಮರ್ಥ್ಯನೇ ಕಮ್ಮಿ ಇರತ್ತೆ, ಏದುಸಿರಿಗೆ ಅದೂ ಕಾರಣ ಆಗ್ಬೋದು. ಆಮೇಲೆ ಇಸಿಜಿ ಸ್ಟಿಕ್ಕರ್, ಮಾಸ್ಕ್, ಆಕ್ಸಿಜನ್ ನೋಡೋ ಕ್ಲಿಪ್. ಪೆಡಲ್ ಮೊದಲು ಹಗುರ, ನಂತರ ನಿಮಿಷ ನಿಮಿಷಕ್ಕೂ ಭಾರ ಏರತ್ತೆ, ನಿಮಿಷಕ್ಕೆ ಸುಮಾರು 60 ಸುತ್ತು ಬಿಡದೇ ತುಳೀತಿರಬೇಕು. 8ರಿಂದ 12 ನಿಮಿಷದಲ್ಲಿ ಕಾಲು ಸೋಲೋ ಹಾಗೆ ಭಾರ ಸೆಟ್ ಮಾಡಿರ್ತಾರೆ. ಮಾಸ್ಕಲ್ಲಿ ಮಾತಾಡೋಕಾಗಲ್ಲ, ಅದಕ್ಕೆ ಎದೆನೋವು, ತಲೆಸುತ್ತು ಬಂದ್ರೆ ಯಾವ ಕೈಸನ್ನೆ ಅಂತ ಮುಂಚೆನೇ ಮಾತಾಡ್ಕೊಳ್ಳಿ. ಅಂಥದ್ದೇನೂ ಇಲ್ಲ ಅಂದ್ರೆ ಪೂರ್ತಿ ಸುಸ್ತಾಗೋವರೆಗೂ ತುಳೀರಿ. ಮುಗಿದ ತಕ್ಷಣ ಇಳೀಬೇಡಿ, ರಕ್ತ ಕಾಲಲ್ಲೇ ನಿಂತು ತಲೆ ತಿರುಗತ್ತೆ.

ರಿಪೋರ್ಟಲ್ಲಿ ಮೊದಲು ನೋಡೋದು ಆರ್‌ಇಆರ್, ಅಂದ್ರೆ ಹೊರಗೆ ಬಂದ ಕಾರ್ಬನ್ ಡೈಆಕ್ಸೈಡನ್ನ ಬಳಸಿದ ಆಕ್ಸಿಜನ್ನಿಂದ ಭಾಗಿಸಿದ ನಂಬರ್. ಅದು 1.1 ದಾಟಿದ್ರೆ ಶಕ್ತಿ ಮೀರಿ ತುಳಿದಿದೀರ ಅಂತ, ಅದಕ್ಕಿಂತ ತುಂಬ ಕಮ್ಮಿ ಇದ್ರೆ ಉಳಿದ ನಂಬರ್ ನೋಡಿ ಹೆದರೋದೇ ಬೇಡ, ಟೆಸ್ಟೇ ಅರ್ಧಕ್ಕೆ ನಿಂತಿರತ್ತೆ. ಆಮೇಲೆ ಪೀಕ್ ವಿಓ2, ಅಂದ್ರೆ ಒಂದು ಕೆಜಿ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿ ಆಕ್ಸಿಜನ್ ಬಳಸಿದ್ರಿ ಅನ್ನೋದು. ಸುಮ್ನೆ ಕೂತಾಗ ಅದು 3.5ರ ಆಸುಪಾಸು. ನನಗೆ ಮುಖ್ಯ ಅನ್ಸೋದು ಆಕ್ಸಿಜನ್ ಪಲ್ಸ್, ಒಂದೊಂದು ಬಡಿತಕ್ಕೆ ಎಷ್ಟು ಆಕ್ಸಿಜನ್ ಸಾಗ್ತಿದೆ ಅನ್ನೋದರ ಗೆರೆ. ಭಾರ ಏರ್ತಿದ್ರೂ ಅದು ಬೇಗನೇ ಏರೋದು ನಿಲ್ಲಿಸಿದ್ರೆ ಹಾರ್ಟು ಬಡಿತಕ್ಕೆ ಇನ್ನಷ್ಟು ರಕ್ತ ತಳ್ಳೋಕೆ ಆಗ್ತಿಲ್ವಾ ಅಂತ ಕೇಳ್ಬೇಕು. ನಮ್ಮಂಥೋರಲ್ಲಿ ಹಾರ್ಟಿಂದ ಶ್ವಾಸಕೋಶಕ್ಕೆ ಹೋಗೋ ದಾರಿಯ ವಾಲ್ವ್ ಲೀಕ್ ಆಗ್ತಾ ಆಗ್ತಾ ಹಾರ್ಟಿನ ಬಲಗಡೆ ಕೋಣೆ ಹಿಗ್ಗತ್ತೆ, ಹೊಸ ವಾಲ್ವ್ ಯಾವಾಗ ಹಾಕೋದು ಅಂತ ಡಾಕ್ಟರು ಎಂಆರ್‌ಐ ಜೊತೆಗೆ ಇದನ್ನೂ ಇಟ್ಕೊಂಡು ನೋಡ್ತಾರೆ.

ಪಕ್ಕದವರ ನಂಬರ್ ಜೊತೆ ಹೋಲಿಸ್ಬೇಡಿ, ನಿಮ್ಮ ಹಿಂದಿನ ಟೆಸ್ಟ್ ಜೊತೆ ಹೋಲಿಸಿ. ಟ್ರೆಡ್‌ಮಿಲ್ಲಲ್ಲಿ ಪೀಕ್ ವಿಓ2 ಸೈಕಲ್ಲಿಗಿಂತ ಸುಮಾರು ಶೇ. 10 ಜಾಸ್ತಿನೇ ಬರತ್ತೆ, ಹಾಗಾಗಿ ಮುಂದಿನ ಸಲನೂ ಸೈಕಲ್ಲೇ ಕೇಳಿ, ರಿಪೋರ್ಟಿನ ಎಲ್ಲಾ ಪೇಜ್ ಫೋಟೋ ತೆಗೆದು ಫೋನಲ್ಲಿಟ್ಕೊಳ್ಳಿ.