ಅನಾಟಮಿಯಲ್ಲಿ ಫೇಲಾದವಳು ಅನಸ್ತೇಶಿಯಾ ಓದಿದ್ದು

ಬಿಎಸ್ಸಿ ನರ್ಸಿಂಗ್ ಮೊದಲ ವರ್ಷ ನಾನು ಅನಾಟಮಿ-ಫಿಸಿಯಾಲಜಿಯಲ್ಲಿ, ಅಂದರೆ ದೇಹದ ರಚನೆ ಮತ್ತು ಅದು ಕೆಲಸ ಮಾಡುವ ಬಗೆಯ ವಿಷಯದಲ್ಲಿ, ಫೇಲಾದೆ. ಸಪ್ಲಿಮೆಂಟರಿ ಕಟ್ಟಿ ಪಾಸು ಮಾಡಿಕೊಂಡೆ. ಎರಡನೇ ವರ್ಷ ಔಷಧಿಗಳ ಬಗ್ಗೆ ಓದುವ ಫಾರ್ಮಕಾಲಜಿಯದೂ ಅದೇ ಕಥೆ. ಈಗ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ನರ್ಸ್ ಅನಸ್ತೇಟಿಸ್ಟ್, ಅಂದರೆ ಆಪರೇಷನ್‌ಗೆ ಅರಿವಳಿಕೆ (ಅನಸ್ತೇಶಿಯಾ) ಕೊಡುವ ನರ್ಸ್ ಆಗಿದ್ದೇನೆ. ಬೆಳಗಾದರೆ ನನ್ನ ಕೆಲಸವೆಲ್ಲ ನಡೆಯುವುದು ಆ ಎರಡು ಸಬ್ಜೆಕ್ಟ್‌ಗಳ ಮೇಲೆಯೇ.

ಇಲ್ಲಿ ಐಸಿಯುನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಅಕ್ಕಾ, ನನ್ನ ಮಾರ್ಕ್ಸ್ ಕಾರ್ಡ್ ಚೆನ್ನಾಗಿಲ್ಲ. ಅನಸ್ತೇಶಿಯಾ ಕೋರ್ಸ್‌ಗೆ ಅಪ್ಲೈ ಮಾಡಿದ್ರೆ ಸೀಟು ಸಿಗುತ್ತಾ?" ಸಿಗುತ್ತೆ. ಆದರೆ ಸುಮ್ನೆ ಸಿಗೋದಿಲ್ಲ. ಹಳೇ ಮಾರ್ಕ್ಸ್ ಅಳಿಸೋಕೆ ಆಗಲ್ಲ. ಅದೇ ಸಬ್ಜೆಕ್ಟ್‌ನಲ್ಲಿ ಹೊಸ ಮಾರ್ಕ್ಸ್ ತಂದು ಅದರ ಪಕ್ಕ ಇಡಬೇಕು. ಅದಕ್ಕೂ ಮುಂಚೆ, ಯಾಕೆ ಫೇಲಾದೆ ಅನ್ನೋದು ನಮಗೇ ಸರಿಯಾಗಿ ಗೊತ್ತಾಗಬೇಕು. ನಾನು ಮಾಡಿದ್ದು ಇಷ್ಟೇ. ಅದಕ್ಕೆ ವರ್ಷಗಳೇ ಹಿಡಿದವು.

ಈ ಕೆಲಸ ಏನು ಅಂತ ಊರಿನಲ್ಲಿ ಹಲವರಿಗೆ ಗೊತ್ತಿಲ್ಲ. ನಮ್ಮಲ್ಲಿ ಅರಿವಳಿಕೆ ಕೊಡುವವರು ಡಾಕ್ಟರು. ಅಮೆರಿಕದಲ್ಲಿ ನರ್ಸ್‌ಗಳೂ ಅದಕ್ಕೇ ಬೇರೆಯಾಗಿ ಓದಿ, ಪರೀಕ್ಷೆ ಬರೆದು ಅನಸ್ತೇಶಿಯಾ ಕೊಡುತ್ತಾರೆ. ಅವರನ್ನು ಸಿಆರ್‌ಎನ್‌ಎ ಅನ್ನುತ್ತಾರೆ. ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಮೇಯೋ ಸಹೋದರರ ಆಸ್ಪತ್ರೆಯಲ್ಲಿದ್ದ ಆಲಿಸ್ ಮಗಾ ಎಂಬ ನರ್ಸ್ ತಾನು ಅನಸ್ತೇಶಿಯಾ ಕೊಟ್ಟ 14,000ಕ್ಕೂ ಹೆಚ್ಚು ಕೇಸ್‌ಗಳ ಬಗ್ಗೆ 1906ರಲ್ಲೇ ಬರೆದಿದ್ದಳು. ಅನಸ್ತೇಶಿಯಾದಿಂದ ಒಂದೂ ಸಾವು ಆಗಿರಲಿಲ್ಲ. ಈಗಲೂ ಇಲ್ಲಿನ ಎಷ್ಟೋ ಹಳ್ಳಿ ಕಡೆಯ ಆಸ್ಪತ್ರೆಗಳಲ್ಲಿ ಅನಸ್ತೇಶಿಯಾಕ್ಕೆ ಸಿಆರ್‌ಎನ್‌ಎ ಒಬ್ಬರೇ ಇರುತ್ತಾರೆ. ದೊಡ್ಡ ಊರುಗಳಲ್ಲಿ ಡಾಕ್ಟರ ಜೊತೆ ತಂಡವಾಗಿ ಕೆಲಸ ಮಾಡುವುದು ಜಾಸ್ತಿ.

ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಹಾಸನ ಜಿಲ್ಲೆಯ ಸರ್ಕಾರಿ ಕನ್ನಡ ಶಾಲೆಯಲ್ಲಿ. ವಿಜ್ಞಾನ ನನಗೆ ಇಷ್ಟವಾದ ವಿಷಯ. ಪಿಯುಸಿಗೆ ಬಂದ ಕೂಡಲೇ ಎಲ್ಲ ಇಂಗ್ಲಿಷ್ ಆಯಿತು. ಗೈಡ್ ತಂದು ಬಾಯಿಪಾಠ ಮಾಡಿ ಹೇಗೋ ದಾಟಿದೆ. ನರ್ಸಿಂಗ್‌ನಲ್ಲಿ ಅದು ನಡೆಯಲಿಲ್ಲ. ಅನಾಟಮಿ ಪುಸ್ತಕ ಸಾವಿರ ಪುಟ ಇರುತ್ತೆ. ಬಾಯಿಪಾಠಕ್ಕೂ ಒಂದು ಮಿತಿ ಇದೆ ಅಲ್ವಾ? ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈ ನಿಂತುಬಿಡುತ್ತಿತ್ತು. ವಾರ್ಡ್‌ನಲ್ಲಿ ಮಾತ್ರ ತೊಂದರೆ ಇರಲಿಲ್ಲ. ಪೇಶೆಂಟ್ ಹತ್ತಿರ ನಿಂತರೆ ಏನಾಗುತ್ತಿದೆ ಅಂತ ತಿಳಿಯುತ್ತಿತ್ತು. ಆಗ ಇದನ್ನೆಲ್ಲ ಹೀಗೆ ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ. ದಡ್ಡಿ ಅಂದರು, ನಾನೂ ನಂಬಿದೆ.

ಬೆಂಗಳೂರಿನ ಐಸಿಯುನಲ್ಲಿ ಕೆಲಸ ಮಾಡುತ್ತಲೇ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸು ಮಾಡಿದೆ. ವೀಸಾಸ್ಕ್ರೀನ್ (ವೀಸಾಕ್ಕೆ ಮುಂಚೆ ಓದು, ಲೈಸೆನ್ಸ್ ಪರಿಶೀಲಿಸಿ ಕೊಡುವ ಸರ್ಟಿಫಿಕೇಟ್), ಇಂಗ್ಲಿಷ್ ಪರೀಕ್ಷೆ, ಇಂಟರ್‌ವ್ಯೂ ಎಲ್ಲ ಆಗಿ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದೆ. ಆ ದಾರಿ ಈಗ ಎಲ್ಲರಿಗೂ ಗೊತ್ತಿರುವುದರಿಂದ ಉದ್ದ ಮಾಡುವುದಿಲ್ಲ. ಹೃದಯದ ಆಪರೇಷನ್ ಆದವರನ್ನು ನೋಡಿಕೊಳ್ಳುವ ಐಸಿಯುನಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಪೇಶೆಂಟ್ ಜೊತೆ ಓಟಿಗೆ ಹೋಗಿಬರುವಾಗ ತಲೆಯ ಹತ್ತಿರ ನಿಂತು ಎಲ್ಲವನ್ನೂ ಒಬ್ಬರೇ ನಡೆಸುತ್ತಿದ್ದ ಸಿಆರ್‌ಎನ್‌ಎಯನ್ನು ನೋಡಿದೆ. ಇದೇ ಬೇಕು ಅನ್ನಿಸಿತು.

ಅಪ್ಲೈ ಮಾಡಲು ನಮ್ಮ ಮಾರ್ಕ್ಸನ್ನು ಇಲ್ಲಿನ ಜಿಪಿಎಗೆ (ಗ್ರೇಡ್‌ಗಳ ಸರಾಸರಿಗೆ) ಬದಲಾಯಿಸುವ ಕೋರ್ಸ್-ಬೈ-ಕೋರ್ಸ್ ವರದಿ ಬೇಕು. ಹೆಚ್ಚಿನ ಸ್ಕೂಲ್‌ಗಳು 4ಕ್ಕೆ ಕನಿಷ್ಠ 3 ಕೇಳುತ್ತವೆ. ಸೀಟಿಗೆ ಪೈಪೋಟಿ ಇರುವುದರಿಂದ ಸಿಕ್ಕವರದು ಅದಕ್ಕಿಂತ ಎಷ್ಟೋ ಮೇಲಿರುತ್ತೆ. ನನ್ನದು 3 ಮುಟ್ಟಲಿಲ್ಲ. ವಿಜ್ಞಾನದ ಸಬ್ಜೆಕ್ಟ್‌ಗಳದ್ದೇ ಬೇರೆ ಲೆಕ್ಕ ಹಾಕುತ್ತಾರೆ, ಅದು ಇನ್ನೂ ಕೆಳಗೆ. ಹಾಕಿದ ಅರ್ಜಿಗಳೆಲ್ಲ ಇಂಟರ್‌ವ್ಯೂಗೂ ಕರೆಯದೆ ವಾಪಸ್ ಬಂದವು.

ಆಮೇಲೆ ನಾನು ಮಾಡಿದ ಕೆಲಸವನ್ನು ಎಲ್ಲರಿಗೂ ಹೇಳುತ್ತೇನೆ. ಬೇಡ ಅಂದ ಸ್ಕೂಲ್‌ಗಳಿಗೇ ಮೇಲ್ ಮಾಡಿ, ಮುಂದಿನ ಸಲ ನನ್ನ ಅರ್ಜಿ ಗಟ್ಟಿಯಾಗಲು ಏನು ಮಾಡಲಿ ಅಂತ ಕೇಳಿದೆ. ಕೆಲವರು ಉತ್ತರ ಕೊಡಲಿಲ್ಲ. ಒಬ್ಬ ಡೈರೆಕ್ಟರ್ ಮೇಡಂ ಫೋನಿನಲ್ಲೇ ಸಿಕ್ಕರು. ನನ್ನ ಐಸಿಯು ಅನುಭವ ಚೆನ್ನಾಗಿದೆ, ಆದರೆ ನಾನು ಈಗ ಓದಬಲ್ಲೆ ಅನ್ನುವುದಕ್ಕೆ ಕಾಗದದ ಮೇಲೆ ಏನೂ ಇಲ್ಲ ಅಂದರು. ಕೆಮಿಸ್ಟ್ರಿ, ಅನಾಟಮಿ-ಫಿಸಿಯಾಲಜಿ ಮತ್ತೆ ಓದು, ಸಾಧ್ಯವಾದರೆ ಮಾಸ್ಟರ್ಸ್ ಮಟ್ಟದ ಪ್ಯಾಥೋಫಿಸಿಯಾಲಜಿ (ಕಾಯಿಲೆಯಲ್ಲಿ ದೇಹ ಹೇಗೆ ಬದಲಾಗುತ್ತೆ ಅನ್ನುವ ವಿಷಯ) ಒಂದು ತಗೋ, ಎಲ್ಲದರಲ್ಲೂ ಎ ಗ್ರೇಡ್ ಬರಲಿ ಅಂದರು.

ಮನೆ ಹತ್ತಿರದ ಕಮ್ಯೂನಿಟಿ ಕಾಲೇಜಿಗೆ ಸೇರಿದೆ. ಫೀಸು ಕಡಿಮೆ, ಸಂಜೆ ಕ್ಲಾಸು ಇರುತ್ತೆ, ನೈಟ್ ಡ್ಯೂಟಿ ಮಾಡುವವರಿಗೆ ಹೊಂದುತ್ತೆ. ಅನಾಟಮಿ ಪುಸ್ತಕ ತೆರೆದರೆ ಮತ್ತೆ ಅದೇ ಹಳೇ ಭಯ. ಆಗ ಓದುವ ರೀತಿಯನ್ನೇ ಬದಲಾಯಿಸಿದೆ. ಒಂದು ಪುಟ ಓದುವುದು, ಪುಸ್ತಕ ಮುಚ್ಚುವುದು, ಓದಿದ್ದನ್ನು ಜೋರಾಗಿ ಕನ್ನಡದಲ್ಲಿ ಹೇಳುವುದು. ಎದುರಿಗೆ ನಮ್ಮಮ್ಮ ಕೂತಿದ್ದಾರೆ, ಅವರಿಗೆ ಹೇಳುತ್ತಿದ್ದೇನೆ ಅಂದುಕೊಂಡು. ಒಂದು ಉದಾಹರಣೆ ಕೊಡುತ್ತೇನೆ.

"ಬಿಪಿ ಇಳೀತು. ಕತ್ತಿನ ರಕ್ತನಾಳದಲ್ಲಿ ಒತ್ತಡ ಕಂಡುಹಿಡಿಯೋ ಬ್ಯಾರೋರಿಸೆಪ್ಟರ್ ಇದೆ, ಅದಕ್ಕೆ ಮೊದಲು ಗೊತ್ತಾಯ್ತು. ಅದು ಮೆದುಳಿಗೆ ಕಳಿಸ್ತಿದ್ದ ಸುದ್ದಿ ಕಡಿಮೆ ಮಾಡ್ತು. ಮೆದುಳು ಹೃದಯಕ್ಕೆ ಬೇಗ ಬೇಗ ಹೊಡ್ಕೋ ಅಂತು, ರಕ್ತನಾಳಕ್ಕೆ ಬಿಗಿ ಆಗು ಅಂತು. ಬಿಪಿ ಮೇಲೆ ಬಂತು." ಇದನ್ನೇ ತಿರುಗಿಸಿ: "ಬಿಪಿ ಜಾಸ್ತಿ ಆಯ್ತು ಅಂದ್ರೆ?" ಅದಕ್ಕೂ ಉತ್ತರ ಬರಬೇಕು. ಎಲ್ಲಿ ಮಾತು ತಡೆಯುತ್ತದೋ ಅಲ್ಲಿ ಅರ್ಥ ಆಗಿಲ್ಲ ಅಂತ ಲೆಕ್ಕ. ಮತ್ತೆ ಪುಟ ತೆರೆಯುವುದು. ಕನ್ನಡದಲ್ಲಿ ಸರಾಗವಾಗಿ ಬಂದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯುವುದು. ಆ ಹೊತ್ತಿಗೆ ಇಂಗ್ಲಿಷ್ ಕಷ್ಟವೇ ಅನ್ನಿಸುತ್ತಿರಲಿಲ್ಲ.

ಆ ಕ್ಲಾಸುಗಳಲ್ಲೆಲ್ಲ ಎ ಬಂತು. ನಾನು ದಡ್ಡಿ ಆಗಿರಲೇ ಇಲ್ಲ ಅಂತ ತಿಳಿಯುವುದಕ್ಕೆ ಇಷ್ಟು ದೂರ ಬರಬೇಕಾಯಿತಲ್ಲ ಅಂತ ಅವತ್ತು ಅತ್ತುಬಿಟ್ಟೆ. ಸಪ್ಲಿಮೆಂಟರಿ ಕಟ್ಟಿ ಕಟ್ಟಿ ನರ್ಸಿಂಗನ್ನೇ ಬಿಟ್ಟುಹೋದ ನನ್ನ ಕ್ಲಾಸಿನ ಹುಡುಗಿಯರು ನೆನಪಾದರು. ಕನ್ನಡ ಶಾಲೆಯಿಂದ ಬಂದ ಮಕ್ಕಳಿಗೆ ಮೊದಲ ಆರು ತಿಂಗಳು ಫಿಸಿಯಾಲಜಿಯನ್ನು ಕನ್ನಡದಲ್ಲಿ ವಿವರಿಸಿ ಹೇಳಿದರೆ ಎಷ್ಟು ಜನ ದಾಟುತ್ತಾರೆ!

ಜೊತೆಗೆ ಸಿಸಿಆರ್‌ಎನ್ ಬರೆದೆ. ಕ್ರಿಟಿಕಲ್ ಕೇರ್ ನರ್ಸ್‌ಗಳ ಪರೀಕ್ಷೆ ಅದು, 150 ಪ್ರಶ್ನೆ, 3 ಗಂಟೆ. ಕಡಿಮೆ ಜಿಪಿಎ ಇದ್ದವರು ಇದನ್ನು ಬಿಡಲೇಬಾರದು. ಐಸಿಯು ಅನುಭವ ಕನಿಷ್ಠ ಒಂದು ವರ್ಷ ಸಾಕು ಅಂತ ನಿಯಮ ಇದೆ. ನನ್ನಂಥವರಿಗೆ ಜಾಸ್ತಿ ಇದ್ದರೆ ಒಳ್ಳೆಯದು. ಹೃದಯಕ್ಕೆ ನೆರವಾಗುವ ಬಲೂನ್ ಪಂಪ್, ಡಯಾಲಿಸಿಸ್, ಒಟ್ಟೊಟ್ಟಿಗೆ ನಾಲ್ಕೈದು ಡ್ರಿಪ್ ಇರುವ ಪೇಶೆಂಟ್‌ಗಳನ್ನು ನಾನೇ ಕೇಳಿ ತೆಗೆದುಕೊಳ್ಳುತ್ತಿದ್ದೆ. ರಜಾ ದಿನ ಓಟಿಯಲ್ಲಿ ಸಿಆರ್‌ಎನ್‌ಎ ಜೊತೆ ನಿಂತು ನೋಡುತ್ತಿದ್ದೆ.

ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ ಫೇಲಾದದ್ದನ್ನು ಮುಚ್ಚಿಡಲಿಲ್ಲ, ಉದ್ದ ಮಾಡಿಯೂ ಬರೆಯಲಿಲ್ಲ. ಎರಡು ವಾಕ್ಯದಲ್ಲಿ ಕಾರಣ, ಆಮೇಲೆ ಈಗಿನ ಮಾರ್ಕ್ಸ್. ಈ ಸಲ ಇಂಟರ್‌ವ್ಯೂಗೆ ಕರೆದರು. ಕೇಳಿದ ಒಂದು ಪ್ರಶ್ನೆ ಚೆನ್ನಾಗಿ ನೆನಪಿದೆ: ವೆಂಟಿಲೇಟರ್ ಮೇಲಿರುವ ಪೇಶೆಂಟ್‌ಗೆ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5ರಿಂದ 12ಕ್ಕೆ ಏರಿಸಿದಿರಿ, ಬಿಪಿ ಬಿತ್ತು, ಯಾಕೆ? ಎದೆಯೊಳಗಿನ ಒತ್ತಡ ಜಾಸ್ತಿಯಾಗಿ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತೆ ಅಂದೆ. ಮೊದಲೇ ನೀರಿನಂಶ ಕಡಿಮೆ ಇರುವ ಪೇಶೆಂಟ್ ಆದರೆ ಬೇಗ ಬೀಳುತ್ತೆ, ಎದೆಯ ಎರಡೂ ಕಡೆ ಉಸಿರಿನ ಸದ್ದು ಕೇಳಿ ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಎದೆಯಲ್ಲಿ ಗಾಳಿ ತುಂಬುವುದು) ಅಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ ಅಂದೆ. ಮಾರ್ಕ್ಸ್ ಬಗ್ಗೆಯೂ ಕೇಳಿದರು. ಪತ್ರದಲ್ಲಿದ್ದದ್ದನ್ನೇ ಶಾಂತವಾಗಿ ಹೇಳಿದೆ. ಸೀಟು ಸಿಕ್ಕಿತು.

2022ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದಲ್ಲೇ ಓದಬೇಕು. ಸಾಮಾನ್ಯವಾಗಿ 3 ವರ್ಷ. ಪ್ರತಿ ಸಬ್ಜೆಕ್ಟ್‌ನಲ್ಲೂ 'ಬಿ' ಗ್ರೇಡ್‌ಗಿಂತ ಕೆಳಗೆ ಹೋಗುವಂತಿಲ್ಲ. ಮೊದಲ ಸೆಮಿಸ್ಟರ್‌ನ ಫಾರ್ಮಕಾಲಜಿ ಪರೀಕ್ಷೆಯಲ್ಲಿ ನಾನು ಆ ಗೆರೆಯ ಕೆಳಗೆ ಬಂದೆ. ಮಾರ್ಕ್ಸ್ ಸುಧಾರಿಸದಿದ್ದರೆ ಸೀಟು ಹೋಗಬಹುದು ಅನ್ನುವ ಪ್ರೊಬೇಷನ್ ಪತ್ರ ಕೈಗೆ ಬಂತು. ಸಂಬಳದ ಕೆಲಸ ಬಿಟ್ಟು, ಸಾಲ ಮಾಡಿ ಬಂದವಳಿಗೆ ಆ ಪತ್ರ ಅಂದರೆ ಹೇಗಿರುತ್ತೆ!

ಪ್ರೊಫೆಸರ್ ಜೊತೆ ಕೂತು ತಪ್ಪಾದ ಒಂದೊಂದು ಪ್ರಶ್ನೆಯನ್ನೂ ತೆಗೆದು ನೋಡಿದೆವು. ಗೊತ್ತಿಲ್ಲದೆ ತಪ್ಪಾದದ್ದು ಎಷ್ಟು, ಗೊತ್ತಿದ್ದೂ ತಪ್ಪಾದದ್ದು ಎಷ್ಟು ಅಂತ ವಿಂಗಡಿಸಿದೆವು. ಗೊತ್ತಿದ್ದೂ ತಪ್ಪಾದದ್ದೇ ಹೆಚ್ಚು. ಪ್ರಶ್ನೆ ಆರೇಳು ಸಾಲು ಇರುತ್ತೆ, ಕೇಳುವುದು ಕೊನೆಯ ಸಾಲಿನಲ್ಲಿ. ಸಮಯ ಸಾಲದೆ ಅಲ್ಲಿ ಜಾರುತ್ತಿದ್ದೆ. ಅವತ್ತಿನಿಂದ ಕೊನೆಯ ಸಾಲನ್ನು ಮೊದಲು ಓದುವುದು, ಆಮೇಲೆ ಮೇಲಿನಿಂದ ಬರುವುದು. ಗಡಿಯಾರ ಇಟ್ಟುಕೊಂಡು ದಿನಾ ಅದೇ ಅಭ್ಯಾಸ. ಮುಂದಿನ ಪರೀಕ್ಷೆಗಳಲ್ಲಿ ಮಾರ್ಕ್ಸ್ ಏರಿತು, ಪ್ರೊಬೇಷನ್ ತೆಗೆದರು.

ಕನ್ನಡದಲ್ಲಿ ಹೇಳಿಕೊಳ್ಳುವುದನ್ನು ಇಲ್ಲಿಯೂ ಬಿಡಲಿಲ್ಲ. ಫಿಸಿಕ್ಸ್ ಅಂದರೆ ಎಲ್ಲರೂ ಹೆದರುತ್ತಿದ್ದರು. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಸಿಲಿಂಡರ್‌ನ ಒತ್ತಡದ ಮೀಟರ್ 745 ಪಿಎಸ್‌ಐ ತೋರಿಸುತ್ತಿದೆ, ಒಳಗೆ ಎಷ್ಟು ಉಳಿದಿದೆ ಅನ್ನುವುದು ಅಲ್ಲಿನ ಖಾಯಂ ಪ್ರಶ್ನೆ. ಮೀಟರ್ ನೋಡಿ ಹೇಳೋಕೆ ಆಗಲ್ಲ ಅನ್ನುವುದೇ ಉತ್ತರ. ಒಳಗೆ ದ್ರವ ಇರುವವರೆಗೂ ಅದು ಆವಿಯಾಗುತ್ತಾ ಒತ್ತಡವನ್ನು ಅಷ್ಟೇ ಇಡುತ್ತೆ. ದ್ರವ ಪೂರ್ತಿ ಮುಗಿದ ಮೇಲೆ ಮಾತ್ರ ಮುಳ್ಳು ಇಳಿಯುತ್ತೆ. ಎಷ್ಟಿದೆ ಅಂತ ತಿಳಿಯಲು ತೂಕ ಹಾಕಬೇಕು. ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಕೂಡ ಹಾಗೇ. ಒಳಗಿರುವುದು ದ್ರವ, ಅದಕ್ಕೇ ನಮ್ಮಮ್ಮ ಎತ್ತಿ ನೋಡಿ ಇನ್ನೆಷ್ಟು ದಿನ ಬರುತ್ತೆ ಅಂತ ಹೇಳುತ್ತಿದ್ದರು. ಆಕ್ಸಿಜನ್ ಸಿಲಿಂಡರ್‌ನಲ್ಲಿ ದ್ರವ ಇಲ್ಲ, ಬರೀ ಗ್ಯಾಸ್. ಅಲ್ಲಿ ಮೀಟರ್ ಅರ್ಧ ಅಂದರೆ ಆಕ್ಸಿಜನ್ನೂ ಅರ್ಧ. ಪೇಶೆಂಟನ್ನು ಓಟಿಯಿಂದ ಐಸಿಯುಗೆ ಸಾಗಿಸುವಾಗ ಈ ಲೆಕ್ಕ ತಲೆಯಲ್ಲಿರಬೇಕು.

ಓಟಿಯಲ್ಲಿ ಕ್ಲಿನಿಕಲ್ ತರಬೇತಿ ಶುರುವಾದ ಮೇಲೆ ನನಗೆ ಜೀವ ಬಂದಂತಾಯಿತು. ಮುಗಿಸುವ ಹೊತ್ತಿಗೆ ಕನಿಷ್ಠ 600 ಕೇಸ್, 2,000 ಗಂಟೆ ಆಗಿರಬೇಕು. ಎಲ್ಲರಿಗಿಂತ ಮುಂಚೆ ಹೋಗಿ ಮಷೀನ್, ಸಕ್ಷನ್, ಮಾನಿಟರ್, ಲ್ಯಾರಿಂಗೋಸ್ಕೋಪಿನ ಲೈಟು, ಎರಡು ಸೈಜಿನ ಟ್ಯೂಬು, ಲೇಬಲ್ ಹಚ್ಚಿದ ಸಿರಿಂಜುಗಳು, ಎಲ್ಲ ನೋಡಿಡುತ್ತಿದ್ದೆ. ಒಂದು ದಿನ ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಕೊಟ್ಟ ಮೇಲೆ ಪೇಶೆಂಟ್ ಬಿಪಿ ಬಿತ್ತು. ರಕ್ತನಾಳ ಬಿಗಿ ಮಾಡುವ ಫಿನೈಲೆಫ್ರಿನ್ ಕೊಟ್ಟೆ. ಬಿಪಿ ಏರಿತು, ಆದರೆ ಪಲ್ಸ್ ನಲವತ್ತರ ಹತ್ತಿರ ಇಳಿಯಿತು. ಜೊತೆಗಿದ್ದು ಕಲಿಸುವ ಪ್ರಿಸೆಪ್ಟರ್ ಯಾಕೆ ಅಂತ ಕೇಳಿದರು. ಉತ್ತರ ನನಗೆ ಮೊದಲು ಕನ್ನಡದಲ್ಲೇ ಹೊಳೆಯಿತು: ರಕ್ತನಾಳ ಬಿಗಿಯಾಗಿ ಬಿಪಿ ಏರಿದ್ದು ಬ್ಯಾರೋರಿಸೆಪ್ಟರ್‌ಗೆ ಗೊತ್ತಾಯ್ತು, ಅದು ಹೃದಯವನ್ನು ನಿಧಾನ ಮಾಡ್ತು. ಇಂಗ್ಲಿಷಿನಲ್ಲಿ ಹೇಳಿದೆ. ಮುಂದಿನ ಸಲ ಬಿಪಿ ಬಿದ್ದು ಪಲ್ಸೂ ಕಡಿಮೆ ಇದ್ದರೆ ಎರಡನ್ನೂ ಏರಿಸುವ ಎಫೆಡ್ರಿನ್ ಕೊಡುತ್ತೇನೆ ಅಂದೆ. ಅವರು ತಲೆಯಾಡಿಸಿ ಚಾರ್ಟ್ ಕಡೆ ತಿರುಗಿದರು. ನಾನು ಡುಮ್ಕಿ ಹೊಡೆದ ಎರಡು ಸಬ್ಜೆಕ್ಟ್‌ಗಳೂ ಸೇರಿ ಬಂದ ಪ್ರಶ್ನೆ ಅದು!

ಕೊನೆಯ ಬೋರ್ಡ್ ಪರೀಕ್ಷೆ ಕಂಪ್ಯೂಟರ್ ಮೇಲೆ. 100ರಿಂದ 170 ಪ್ರಶ್ನೆ. ನಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಕೊಡುತ್ತೆ, ಅದಕ್ಕೆ ಸಾಕು ಅನ್ನಿಸಿದಾಗ ನಿಲ್ಲಿಸುತ್ತೆ. ಎನ್‌ಕ್ಲೆಕ್ಸ್ ಬರೆದವರಿಗೆ ಆ ರೀತಿ ಹೊಸದಲ್ಲ. ಪಾಸಾದೆ.

ದುಡ್ಡಿನ ಮಾತೂ ಹೇಳಬೇಕು. ಫೀಸು ಒಂದು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಓದುವಾಗ ಪೂರ್ತಿ ಕೆಲಸ ಮಾಡೋಕೆ ಆಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಇಲ್ಲಿನ ಸರ್ಕಾರಿ ಸ್ಟೂಡೆಂಟ್ ಲೋನ್‌ಗೆ ಅರ್ಜಿ ಹಾಕಬಹುದು. ಐಸಿಯುನಲ್ಲಿ ಇರುವಾಗಲೇ ಉಳಿಸಿಡಿ. ನಮ್ಮ ಮನೆಯವರು ಆ 3 ವರ್ಷ ಸಂಸಾರವನ್ನು ಒಬ್ಬರೇ ಎಳೆದರು, ಅದಿಲ್ಲದೆ ಇದು ಆಗುತ್ತಿರಲಿಲ್ಲ.

ಈಗ ಕರ್ನಾಟಕದಲ್ಲೇ ಓದುತ್ತಿದ್ದು ಮುಂದೆ ಈ ಕಡೆ ಬರುವ ಆಸೆ ಇರುವವರು, ಕಾಲೇಜು ಬಿಡುವ ಮುಂಚೆಯೇ ನಿಮ್ಮ ವರ್ಷದ ಪೂರ್ತಿ ಸಿಲಬಸ್, ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳ ಲೆಕ್ಕ, ಎಲ್ಲ ಮಾರ್ಕ್ಸ್ ಕಾರ್ಡ್‌ಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಸಪ್ಲಿಮೆಂಟರಿಯದೂ ಸೇರಿಸಿ. ಇಲ್ಲಿನ ಕೋರ್ಸ್-ಬೈ-ಕೋರ್ಸ್ ವರದಿಗೆ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷದ ಮಾರ್ಕ್ಸ್‌ನ ಅಧಿಕೃತ ದಾಖಲೆ) ಕಾಲೇಜು ಅಥವಾ ಯೂನಿವರ್ಸಿಟಿಯಿಂದಲೇ ನೇರವಾಗಿ ಹೋಗಬೇಕು. ಇಲ್ಲಿಂದ ಕೂತು ಅದನ್ನು ಕಳಿಸಿಸುವುದು ತುಂಬಾ ಕಷ್ಟ. ಆಫೀಸಿನಲ್ಲಿ ಓಡಾಡಿ ಮಾಡಿಸಿಕೊಡುವ ಒಬ್ಬರು ಊರಿನಲ್ಲಿ ಇರಲಿ. ನನಗೆ ನಮ್ಮಣ್ಣ ಮಾಡಿಕೊಟ್ಟ.