ಹಳೆಯ ಷೆವರ್ಲೆ ಪಿಕಪ್ಪಿಗೆ ಹೊಸ ಹಲಗೆ ಹಾಕಿದ್ದು

ಚಿಕ್ಕಮಗಳೂರು ಹತ್ತಿರದ ಆಲ್ದೂರಿನ ನಮ್ಮ ಕಾಫಿ ತೋಟದಲ್ಲಿರುವ ಷೆವರ್ಲೆ ಪಿಕಪ್ 1951ರದು. ಜನರಲ್ ಮೋಟರ್ಸ್ ಕಂಪನಿ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಗಾಡಿ ಜೋಡಿಸುತ್ತಿತ್ತಲ್ಲ, ಆ ಕೊನೆಯ ವರ್ಷಗಳದ್ದು. ಆರು ಸಿಲಿಂಡರಿನ ಎಂಜಿನ್ ಈಗಲೂ ಗಟ್ಟಿಯಾಗಿದೆ. ಹಿಂಬದಿ ಬಾಡಿಯ ತಳದ ಹಲಗೆಗಳು ಮಾತ್ರ ಕಾಫಿ ಹಣ್ಣಿನ ರಸ, ಗೊಬ್ಬರ, ಮಳೆ ಎಲ್ಲವನ್ನೂ ಕುಡಿದು ಮೆತ್ತಗಾಗಿದ್ದವು.

ಚೆಕ್ಕರ್ ಪ್ಲೇಟ್, ಅಂದರೆ ಉಬ್ಬುಗೆರೆಯ ಉಕ್ಕಿನ ತಗಡು, ಹಾಕಿಸಿಬಿಡಿ, ಒಂದೇ ದಿನದ ಕೆಲಸ ಎಂದವರೇ ಹೆಚ್ಚು. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಮಳೆಗಾಲದಲ್ಲಿ ತಗಡಿನ ಕೆಳಗೆ ಸೇರಿದ ನೀರು ಅಕ್ಟೋಬರಿನವರೆಗೂ ಆರುವುದಿಲ್ಲ. ತಗಡೂ ಅದರಡಿಯ ಅಡ್ಡಪಟ್ಟಿಯೂ ಜೊತೆಯಾಗಿ ತುಕ್ಕು ಹಿಡಿಯುತ್ತವೆ. ಷೆವರ್ಲೆಯವರ ಮೂಲ ಕಟ್ಟಣೆಯೇ ಇದಕ್ಕಿಂತ ಜಾಣತನದ್ದು. ಹಲಗೆಗಳು ಉದ್ದಕ್ಕೆ ಮಲಗಿರುತ್ತವೆ. ಎರಡು ಹಲಗೆಗಳ ನಡುವಿನ ಸಂದಿಯನ್ನು ಉಕ್ಕಿನ ಪಟ್ಟಿಯೊಂದು ಮುಚ್ಚಿ, ಎರಡೂ ಅಂಚುಗಳನ್ನು ಅದುಮಿ ಹಿಡಿಯುತ್ತದೆ. ಬೋಲ್ಟು ಪಟ್ಟಿಯ ಮೂಲಕ ಆ ಸಂದಿಯಲ್ಲಿ ಇಳಿದು ಕೆಳಗಿನ ಅಡ್ಡಪಟ್ಟಿಗೆ ಸೇರುತ್ತದೆ. ಬಾಡಿಯನ್ನು ಚಾಸಿಗೆ ಕಟ್ಟುವ ಕೆಲವು ಬೋಲ್ಟುಗಳನ್ನು ಬಿಟ್ಟರೆ ಹಲಗೆಗೆ ತೂತೇ ಇಲ್ಲ. ಹಾಗಾಗಿ ಮರ ಉಬ್ಬಿದರೂ ಕುಗ್ಗಿದರೂ ಪಟ್ಟಿಯ ಅಡಿಯಲ್ಲೇ ಸರಿದಾಡಿಕೊಳ್ಳುತ್ತದೆ, ಸೀಳುವುದಿಲ್ಲ.

ಅಮೆರಿಕದಲ್ಲಿ ಇದಕ್ಕೆ ಹಳದಿ ಪೈನ್ ಹಾಕುತ್ತಿದ್ದರು. ನಮ್ಮಲ್ಲಿ ಕೈಗೆ ಸಿಗುವುದು ಸಿಲ್ವರ್ ಓಕ್. ಹೆಸರಿನಲ್ಲಿ ಓಕ್ ಇದ್ದರೂ ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಜಾತಿ. ಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯದು, ಪ್ಲೈವುಡ್ಡಿಗೂ ಆದೀತು, ನೀರು ಬೀಳುವ ಜಾಗಕ್ಕೆ ಬೇಡ. ಹೊನ್ನೆ ಗಟ್ಟಿ ಮರ, ಆದರೆ ಒದ್ದೆಯಾದಾಗ ಬಣ್ಣ ಬಿಡುತ್ತದೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ಒಳಹೊಟ್ಟು ಇರುವ ಕಾಫಿ ಬೀಜ) ತುಂಬಿದ ಚೀಲದ ಮೇಲೆ ಹಳದಿ ಕಲೆ ಯಾರಿಗೆ ಬೇಕು? ಕೊನೆಗೆ ಕೆಡವಿದ ಮನೆಯೊಂದರ ಸಾಗುವಾನಿ ತೊಲೆಗಳನ್ನು ಕೊಂಡೆ. ಹಳೆಯ ತೊಲೆ ಚೆನ್ನಾಗಿ ಒಣಗಿರುತ್ತದೆ. ಆದರೆ ಒಳಗೆ ಮುರಿದ ಮೊಳೆಗಳು ಅಡಗಿರುತ್ತವೆ. ಅಯಸ್ಕಾಂತ ಆಡಿಸಿ ಒಂದೊಂದನ್ನೂ ಕೀಳದೆ ಮಿಲ್ಲಿಗೆ ಕೊಂಡೊಯ್ದರೆ ಗರಗಸದ ಬ್ಲೇಡು ಹೋಗುತ್ತದೆ, ಮಿಲ್ಲಿನವರ ಸ್ನೇಹವೂ ಹೋಗುತ್ತದೆ. ಮುಕ್ಕಾಲು ಇಂಚು ದಪ್ಪಕ್ಕೆ ಕೊಯ್ಸಿ, ಹಲಗೆಗಳ ನಡುವೆ ರೀಪು ಇಟ್ಟು, ಡ್ರೈಯರ್ ಶೆಡ್ಡಿನ ನೆರಳಿನಲ್ಲಿ ಪೇರಿಸಿದೆ.

ಕೊಯ್ಲು ಮುಗಿದು ಮಳೆಗಾಲ ಶುರುವಾಗುವುದರ ನಡುವಿನ ಬಿಡುವೇ ಈ ಕೆಲಸಕ್ಕೆ ಸರಿಯಾದ ಸಮಯ. ಬಾಡಿಯ ತಳ ಬಿಚ್ಚಿದಾಗ ಹಳೆಯ ಬೋಲ್ಟುಗಳಲ್ಲಿ ತಿರುಗಿದ್ದು ಕಡಿಮೆ, ಗ್ರೈಂಡರಿನಲ್ಲಿ ಕತ್ತರಿಸಿದ್ದೇ ಹೆಚ್ಚು. ತುಕ್ಕು ತಿಂದ ಅಡ್ಡಪಟ್ಟಿಗಳನ್ನೂ ಹಲಗೆ ಹಿಡಿಯುವ ಪಟ್ಟಿಗಳನ್ನೂ ಚಿಕ್ಕಮಗಳೂರಿನಲ್ಲಿ ಲಾರಿ ಬಾಡಿ ಕಟ್ಟುವವರ ಹತ್ತಿರ ಹಳೆಯದರ ಅಳತೆಗೇ ಮಡಿಸಿಕೊಂಡು ಬಂದೆ. ಪಟ್ಟಿಯ ತೂತುಗಳು ಚೌಕವಾಗಿರಬೇಕು. ಕ್ಯಾರೇಜ್ ಬೋಲ್ಟಿನ ಕುತ್ತಿಗೆ ಚೌಕ. ಅದು ತೂತಿನಲ್ಲಿ ಕಚ್ಚಿಕೊಂಡರೆ ಮಾತ್ರ ಕೆಳಗಿನಿಂದ ನಟ್ಟು ಬಿಗಿಯುವಾಗ ಬೋಲ್ಟು ಸುತ್ತುವುದಿಲ್ಲ. ಡ್ರಿಲ್ ಮಾಡಿದ ದುಂಡು ತೂತುಗಳನ್ನು ಕೂತು ಅರದಿಂದ ಉಜ್ಜಿ ಚೌಕ ಮಾಡಿದೆ. ಇಡೀ ಕೆಲಸದಲ್ಲಿ ಇಷ್ಟು ಬೇಸರದ ಭಾಗ ಬೇರೆಯಿಲ್ಲ.

ಪಟ್ಟಿ ಕೂರುವಂತೆ ಹಲಗೆಗಳ ಅಂಚಿನಲ್ಲಿ ಕಚ್ಚು ತೆಗೆಯಲು ನಮ್ಮೂರಿನ ಆಚಾರಿಯವರು ಬಂದರು. ಬಾಗಿಲು ಕಿಟಕಿಯಲ್ಲಿ ಕೂದಲು ನುಸುಳದಂತೆ ಜೋಡಿಸುವ ಕೈ. ನಾನು ಸಂದಿ ಬಿಡಿ ಎಂದದ್ದು ಅವರಿಗೆ ಅವಮಾನದಂತೆ ಕಂಡಿತು.

“ಗೌಡರೇ, ಸಂದಿ ಬಿಟ್ಟರೆ ನೋಡಿದವರು ನನ್ನ ಕೆಲಸವನ್ನು ಆಡಿಕೊಳ್ಳುತ್ತಾರೆ.”

“ಪಟ್ಟಿ ಬಂದ ಮೇಲೆ ಅದು ಯಾರಿಗೂ ಕಾಣುವುದಿಲ್ಲ ಆಚಾರ್ರೇ. ಮಳೆಗಾಲದಲ್ಲಿ ಹಲಗೆ ಉಬ್ಬಿದರೆ ಎಲ್ಲಿಗೆ ಹೋಗಬೇಕು?”

ಆರು ಇಂಚಿನ ಸಾಗುವಾನಿ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಒಂದೆರಡು ಮಿಲಿಮೀಟರ್ ಅಗಲವಾಗಬಹುದು. ಎಲ್ಲ ಹಲಗೆಗಳದ್ದೂ ಕೂಡಿದರೆ ಪಕ್ಕದ ತಗಡನ್ನು ಹೊರಗೆ ತಳ್ಳುವಷ್ಟಾಗುತ್ತದೆ. ಲೆಕ್ಕ ಹೇಳಿದ ಮೇಲೆ ಒಪ್ಪಿದರು, ಪುಟ್ಟಿ ತುಂಬುವ ಮಾತನ್ನೂ ಬಿಟ್ಟರು.

ಜೋಡಿಸುವ ಮೊದಲೇ ಹಲಗೆಯ ಆರೂ ಮುಖಗಳಿಗೆ ಎಣ್ಣೆ ಕುಡಿಸಬೇಕು. ಮರ ನೀರು ಎಳೆಯುವುದು ಕೊಯ್ದ ತುದಿಗಳಿಂದಲೇ ಹೆಚ್ಚು. ಪ್ರದರ್ಶನದ ಗಾಡಿಗೆ ಹೊಳೆಯುವ ವಾರ್ನಿಷ್ ಚಂದ. ದುಡಿಯುವ ಗಾಡಿಯಲ್ಲಿ ಅದು ಗೀರಿ, ಬಿರಿದು, ಆ ಬಿರುಕಿನೊಳಗೆ ನೀರು ಹಿಡಿದಿಡುತ್ತದೆ. ತಳಕ್ಕೂ ತುದಿಗಳಿಗೂ ಗೇರು ಎಣ್ಣೆ ಬಳಿದೆ. ಗೆದ್ದಲಿಗೆ ಅದು ಆಗುವುದಿಲ್ಲ, ಮನುಷ್ಯರ ಚರ್ಮಕ್ಕೂ ಆಗುವುದಿಲ್ಲ, ಕೈಗವಸು ಬೇಕೇ ಬೇಕು. ಮೇಲ್ಮೈಗೆ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಉಜ್ಜಿ, ಹೆಚ್ಚಾದದ್ದನ್ನು ಒರೆಸಿದೆ. ದಪ್ಪ ಬಿಟ್ಟರೆ ಜುಲೈನಲ್ಲಿ ಬೂಷ್ಟು ಖಂಡಿತ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿಯಾಗಿ ಅದಕ್ಕೆ ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಬೇಲಿಯ ಮೇಲೆ ಹರವಿ.

ಬೋಲ್ಟುಗಳನ್ನು ಮೊದಲು ಎಲ್ಲವನ್ನೂ ಸಡಿಲವಾಗಿ ಕೂರಿಸಿ, ನಡುವಿನ ಹಲಗೆಯಿಂದ ಎರಡೂ ಬದಿಗೆ ಬಿಗಿಯುತ್ತ ಬಂದೆ. ಚಾಸಿಗೂ ಅಡ್ಡಪಟ್ಟಿಗೂ ನಡುವೆ ರಬ್ಬರ್ ತುಂಡು. ಮೊದಲ ಮಳೆಗಾಲ ಕಳೆದು ಹಲಗೆ ಆರಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಕಾಲು ಸುತ್ತು ತಿರುಗಿಸಬೇಕಾಯಿತು.

ಕಾಫಿ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಅದಕ್ಕೇ ಎಣ್ಣೆಯ ಘಾಟು ಪೂರ್ತಿ ಹೋಗುವವರೆಗೆ ಈ ಗಾಡಿಯಲ್ಲಿ ಪಾರ್ಚ್‌ಮೆಂಟ್ ಹೇರಲಿಲ್ಲ. ಗೊಬ್ಬರದ ಚೀಲ, ಸೌದೆ, ಬಾಳೆಗೊನೆ ಇಷ್ಟೇ.