"ಪಾಪ" ಅನ್ನೋದು ಬಿಟ್ಟ ಮೇಲೆ ನಮ್ಮ ಬೆಕ್ಕುಗಳಿಗೆ ಮನೆ ಸಿಕ್ಕಿತು

ಮನೆಯಿಲ್ಲದ ಬೆಕ್ಕುಗಳನ್ನು ಸಾಕುವ ನಮ್ಮ ಶೆಲ್ಟರ್‌ನಿಂದ ದತ್ತು ಹೋಗಿದ್ದ ಬೂದಿ ಒಂಬತ್ತೇ ದಿನಕ್ಕೆ ವಾಪಸ್ ಬಂದಳು. ಬುಟ್ಟಿಯ ಬಾಗಿಲು ತೆಗೆದಿಟ್ಟು ಅರ್ಧ ಗಂಟೆ ಕಾದರೂ ಹೊರಗೆ ಕಾಲಿಡಲಿಲ್ಲ. ತಂದುಬಿಟ್ಟವರು ಕೆಟ್ಟವರೇನಲ್ಲ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ದಿನವಿಡೀ ಓಡಾಟ, ಕೂಗಾಟ. ಮಂಚದ ಕೆಳಗೆ ಸೇರಿಕೊಂಡ ಬೂದಿ ಹಗಲು ಹೊತ್ತು ಈಚೆಗೆ ಬಂದದ್ದೇ ಇಲ್ಲವಂತೆ, ಕೊನೆಗೆ ಅವಳನ್ನು ಹಿಡಿದೆಳೆಯಲು ಹೋದ ಚಿಕ್ಕವನ ಕೈ ಪರಚಿಬಿಟ್ಟಳಂತೆ. "ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ತಾಳೆ ಅಂತ ಬರೆದಿದ್ರಲ್ಲ?" ಅಂತ ಆ ತಾಯಿ ಕೇಳಿದರು.

ಬರೆದವಳು ನಾನೇ. ಬೂದಿ ಆಗಲೇ ಏಳು ತಿಂಗಳಿಂದ ಕೇಜಿನಲ್ಲಿದ್ದಳು. ಹೇಗಾದರೂ ಅಲ್ಲಿಂದ ಹೊರಗೆ ಹೋಗಲಿ ಅಂತ ನನಗೆ ಅನಿಸಿತ್ತು. ಮಕ್ಕಳಿರುವ ಮನೆಯಲ್ಲಿ ಅವಳು ಹೇಗಿರುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ, ಆದರೂ ಬರೆದುಬಿಟ್ಟೆ. ನೋವಾದದ್ದು ಆ ಮಗುವಿಗೆ, ಬೂದಿಗೆ.

ಅವತ್ತಿನವರೆಗೆ ನಾನು ಹಾಕುತ್ತಿದ್ದ ಪೋಸ್ಟ್‌ಗಳೆಲ್ಲ ಒಂದೇ ಥರ ಇದ್ದವು. ಕಂಬಿಯ ಹಿಂದೆ ಮುದುಡಿ ಕೂತ ಬೆಕ್ಕಿನ ಫೋಟೊ, ಕೆಳಗೆ "ಯಾರಿಗೂ ಬೇಡವಾದ ಜೀವ, ದಯವಿಟ್ಟು ಕಾಪಾಡಿ" ಅಂತ ಎರಡು ಸಾಲು. ಜನ ಅಯ್ಯೋ ಪಾಪ ಅಂತಿದ್ದರು, ಶೇರ್ ಮಾಡುತ್ತಿದ್ದರು, ಫೋನ್ ಮಾತ್ರ ಬರುತ್ತಿರಲಿಲ್ಲ. ಬಂದ ಕೆಲವು ಕರೆಗಳೂ ಬರೀ ಮರುಕದಿಂದ ಬಂದವು. ಮರುಕ ಒಂದು ವಾರ ಇರುತ್ತದೆ, ಬೆಕ್ಕು ಹದಿನೈದು ವರ್ಷ ಬದುಕುತ್ತದೆ. ಬೆಕ್ಕು ಬೇಕು ಅಂತ ಮನಸ್ಸಿರುವವರಿಗೆ ತಿಳಿಯಬೇಕಾದದ್ದು ಬೇರೆಯೇ ಇದೆ ಅಲ್ವಾ? ಈ ಬೆಕ್ಕು ಹೇಗಿದೆ, ನನ್ನ ಮನೆಗೆ ಸರಿಹೋಗುತ್ತಾ, ನಾನು ಏನು ಮಾಡಬೇಕು. ಅದನ್ನು ನಾನು ಹೇಳುತ್ತಲೇ ಇರಲಿಲ್ಲ. ಹೇಳಬೇಕೆಂದರೆ ಮೊದಲು ನನಗೆ ಗೊತ್ತಿರಬೇಕಲ್ಲ.

ಕೇಜಿನೊಳಗೆ ಕೂತ ಬೆಕ್ಕನ್ನು ನೋಡಿ ಅದರ ಸ್ವಭಾವ ಹೇಳೋಕೆ ಆಗೋದಿಲ್ಲ. ಅಲ್ಲಿ ನಮಗೆ ಕಾಣೋದು ಬರೀ ಹೆದರಿಕೆ. ಹಾಗಾಗಿ ಹೊರಗಿನವರಿಗೆ ಬೆಕ್ಕಿನ ಪರ ಮಾತಾಡುವ ಮೊದಲು ಶೆಲ್ಟರ್ ಒಳಗೇ ಮಾತಾಡಬೇಕಾಯಿತು, ಮತ್ತು ನಿಜ ಹೇಳಬೇಕೆಂದರೆ ಅದೇ ಜಾಸ್ತಿ ಕಷ್ಟವಾಗಿತ್ತು.

ಮೊದಲು ಕೇಳಿದ್ದು ರಟ್ಟಿನ ಪೆಟ್ಟಿಗೆ. ಪ್ರತಿ ಕೇಜಿಗೂ ಒಂದು, ಬದಿಯಲ್ಲಿ ಬಾಗಿಲಿನಷ್ಟು ತೂತು. "ಅಡಗಿ ಕೂತರೆ ನೋಡೋಕೆ ಬಂದವರಿಗೆ ಕಾಣೋದಾದರೂ ಹೇಗೆ?" ಅಂತ ಎಲ್ಲರೂ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅಡಗೋಕೆ ಜಾಗ ಇಲ್ಲದ ಬೆಕ್ಕು ಲಿಟರ್ ಟ್ರೇ (ಅದರ ಕಕ್ಕಸಿನ ತಟ್ಟೆ) ಒಳಗೆ ಹೋಗಿ ಮುದುಡಿಕೊಳ್ಳುತ್ತದೆ, ಜಾಗ ಇರುವ ಬೆಕ್ಕು ಬೇಗ ಧೈರ್ಯ ತಂದುಕೊಂಡು ಈಚೆಗೆ ಬರುತ್ತದೆ. 2014ರಲ್ಲಿ ನೆದರ್ಲೆಂಡ್ಸ್‌ನ ಶೆಲ್ಟರ್ ಒಂದರ ಅಧ್ಯಯನ ಪ್ರಕಟವಾಯಿತು. ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗುಪೆಟ್ಟಿಗೆ ಕೊಟ್ಟಿದ್ದರು, 9ಕ್ಕೆ ಕೊಟ್ಟಿರಲಿಲ್ಲ. ಪೆಟ್ಟಿಗೆ ಇದ್ದವುಗಳ ಆತಂಕ ಬೇಗ ಇಳಿಯಿತು. ಅದನ್ನು ತೋರಿಸಿ, ನಾಲ್ಕು ಕೇಜಿಗೆ ಮಾತ್ರ ಹಾಕಿ ನೋಡೋಣ ಅಂತ ಒಪ್ಪಿಸಿದೆ. ಐದನೇ ದಿನ ಬೂದಿ ಪೆಟ್ಟಿಗೆಯ ಮೇಲೆ ಕೂತಿದ್ದಳು! ಏಳು ತಿಂಗಳಲ್ಲಿ ನಾವು ಅವಳ ಹೊಟ್ಟೆಯ ಬಿಳಿ ಮಚ್ಚೆ ನೋಡಿದ್ದು ಅವತ್ತೇ ಮೊದಲು.

ಎರಡನೆಯದು ಜಾಗ. ನಮ್ಮ ಕೇಜುಗಳಲ್ಲಿ ಊಟದ ಬಟ್ಟಲು, ಮಲಗುವ ಬಟ್ಟೆ, ಲಿಟರ್ ಟ್ರೇ ಎಲ್ಲ ಒಂದು ಗೇಣಿನ ಅಂತರದಲ್ಲಿ ಇದ್ದವು. ಉಣ್ಣುವ ಕಡೆ ಹೊಲಸು ಮಾಡೋದು ಬೆಕ್ಕಿನ ಗುಣವೇ ಅಲ್ಲ. ಅಕ್ಕಪಕ್ಕದ ಎರಡು ಕೇಜುಗಳ ನಡುವಿನ ಗೋಡೆಯಲ್ಲಿ ದುಂಡಗೆ ತೂತು ಕೊರೆದು ಒಂದು ಮಾಡಿದರೆ ಒಂದು ಕಡೆ ಊಟ, ಇನ್ನೊಂದು ಕಡೆ ಟ್ರೇ. "ಹಾಗೆ ಮಾಡಿದರೆ ಅರ್ಧ ಬೆಕ್ಕುಗಳಿಗೆ ಜಾಗ ಇಲ್ಲ" ಅಂದರು. ನಾನು ಮೂರು ತಿಂಗಳ ನೋಂದಣಿ ಪುಸ್ತಕ ಹಿಡಿದು ಕೂತೆ. ನೆಗಡಿ, ಸೀನು, ಕಣ್ಣಲ್ಲಿ ನೀರು ಅಂತ ಎಷ್ಟು ಬೆಕ್ಕುಗಳು ಎಷ್ಟು ದಿನ ಜಾಸ್ತಿ ಉಳಿದವು ಅಂತ ಲೆಕ್ಕ ಹಾಕಿ ಮುಂದಿಟ್ಟೆ. ಬೆಕ್ಕುಗಳಿಗೆ ಇಂಥ ನೆಗಡಿ ತರುವ ಹರ್ಪಿಸ್ ವೈರಸ್ ಒಮ್ಮೆ ಒಳಗೆ ಸೇರಿತು ಅಂದರೆ ಹೋಗೋದಿಲ್ಲ, ಮಲಗಿರುತ್ತದೆ, ಒತ್ತಡ ಆದಾಗ ಮತ್ತೆ ಏಳುತ್ತದೆ. ಇಕ್ಕಟ್ಟಿನಲ್ಲಿ ಇಟ್ಟ ಬೆಕ್ಕಿಗೆ ಸೀನು ಬರುತ್ತದೆ, ಸೀನುವ ಬೆಕ್ಕನ್ನು ಯಾರೂ ಕರೆದೊಯ್ಯೋದಿಲ್ಲ, ಅದು ಅಲ್ಲೇ ಉಳಿದು ಇನ್ನೊಂದು ಬೆಕ್ಕಿನ ಜಾಗ ತಿನ್ನುತ್ತದೆ. ಈ ಲೆಕ್ಕ ನೋಡಿದ ಮೇಲೆ ಒಪ್ಪಿದರು.

ಸ್ವಚ್ಛ ಮಾಡುವ ರೀತಿಯನ್ನೂ ಬದಲಿಸಿದೆವು. ದಿನಾ ಬೆಳಿಗ್ಗೆ ಬೆಕ್ಕನ್ನು ಹಿಡಿದು ಹೊರಗೆ ಹಾಕಿ, ಎಲ್ಲ ಬಟ್ಟೆ ಎಳೆದು, ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಫಿನಾಯಿಲ್ ಬೆಕ್ಕಿಗೆ ವಿಷ, ಅದನ್ನು ಮೊದಲು ನಿಲ್ಲಿಸಿದೆವು. ಗಲೀಜಾದ ಕಡೆ ಮಾತ್ರ ಒರೆಸಿ ಅದರ ಸ್ವಂತ ವಾಸನೆ ಇರುವ ಬಟ್ಟೆಯನ್ನು ಅಲ್ಲೇ ಬಿಡಬೇಕು. ಆ ವಾಸನೆಯೇ ಅದಕ್ಕೆ ಮನೆ.

ಇದು ಆರೋಗ್ಯವಾಗಿರುವ ಬೆಕ್ಕಿನ ಮಾತು. ಪ್ಯಾನ್‌ಲ್ಯೂಕೋಪೇನಿಯಾ ಅನ್ನೋ ಬೇಗ ಹರಡುವ, ಮರಿಗಳ ಜೀವ ತೆಗೆಯುವ ವೈರಸ್ ರೋಗ ಬಂದರೆ ಕಥೆಯೇ ಬೇರೆ. ಒಂದು ಸಲ ಎಳೆ ಮರಿಗಳ ಒಂದು ಗುಂಪನ್ನು ನೇರವಾಗಿ ದೊಡ್ಡ ಕೋಣೆಗೆ ತಂದಿಟ್ಟೆವು. ನಾಲ್ಕೂ ಮರಿಗಳು ಮೂರು ದಿನದಲ್ಲಿ ಹೋದವು. ಅವುಗಳ ವಾಂತಿ ಒರೆಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ವೈರಸ್ ಕೋಣೆಯಲ್ಲಿ ವರ್ಷದವರೆಗೂ ಉಳಿಯಬಲ್ಲದು, ಸಾಮಾನ್ಯ ಸೋಪಿಗೆ ಬಗ್ಗೋದಿಲ್ಲ, ಮೊದಲು ತೊಳೆದು ಆಮೇಲೆ ನೀರಲ್ಲಿ ಬೆರೆಸಿದ ಬ್ಲೀಚ್ ಹಾಕಬೇಕು. ಆಮೇಲಿಂದ ಯಾವ ಬೆಕ್ಕಾದರೂ ಬಾಗಿಲಲ್ಲೇ ಲಸಿಕೆ. ಮರಿಗಳು ದೊಡ್ಡ ಕೋಣೆಗೆ ಬರೋದೇ ಇಲ್ಲ, ಸೀದಾ ಫಾಸ್ಟರ್ ಮನೆಗೆ, ಅಂದರೆ ಸ್ವಲ್ಪ ಕಾಲ ನೋಡಿಕೊಳ್ಳಲು ಒಪ್ಪಿದವರ ಮನೆಗೆ ಹೋಗುತ್ತವೆ.

ಫಾಸ್ಟರ್ ಮನೆಗಳಿಂದ ಇನ್ನೊಂದು ಲಾಭ ಸಿಕ್ಕಿತು. ಎರಡರಿಂದ ಏಳು ವಾರದ ನಡುವೆ ಮರಿಗಳು ಮನುಷ್ಯರ ಕೈಗೆ ಒಗ್ಗಿದರೆ ಮುಂದೆ ಸುಲಭ, ಅದು ಗೊತ್ತಿತ್ತು. ದೊಡ್ಡ ಬೆಕ್ಕುಗಳಿಗೂ ಎರಡು ವಾರದ ಮನೆವಾಸ ಇಷ್ಟು ಸಹಾಯ ಮಾಡುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಬೂದಿಯನ್ನು ಒಬ್ಬರ ಮನೆಗೆ ಕಳಿಸಿದೆ. ಅವರಿಗೆ ಒಂದೇ ಕೆಲಸ ಹೇಳಿದ್ದೆ: "ಒಳ್ಳೆಯವಳು, ಮುದ್ದು ಅಂತ ಬರೀಬೇಡಿ. ಏನು ಮಾಡಿದಳು ಅಂತ ಬರೀರಿ." ಅವರು ದಿನಕ್ಕೆ ಎರಡು ಸಾಲು ಕಳಿಸುತ್ತಿದ್ದರು. ಆ ಸಾಲುಗಳಿಂದ ಮಾಡಿದ ಬೂದಿಯ ಹೊಸ ಪೋಸ್ಟ್ ಇದು:

"ಬೂದಿ, ಅಂದಾಜು 5 ವರ್ಷ. ಎತ್ತಿಕೊಂಡರೆ ಇವಳಿಗೆ ಇಷ್ಟ ಆಗೋದಿಲ್ಲ. ಮೊದಲ ಕೆಲವು ದಿನ ನಿಮಗೆ ಕಾಣೋದೂ ಕಷ್ಟ. ಚಿಕ್ಕ ಮಕ್ಕಳಿರುವ ಮನೆ ಬೇಡ, ಒಮ್ಮೆ ಹೋಗಿ ಹೆದರಿ ಬಂದಿದ್ದಾಳೆ. ದೀಪ ಆರಿಸಿದ ಮೇಲೆ ಮಂಚದ ಮೇಲೆ ಹತ್ತಿ ನಿಮ್ಮ ಪಾದದ ಹತ್ತಿರ ಮಲಗುತ್ತಾಳೆ. ಬೆಳಿಗ್ಗೆ ಬಟ್ಟಲಿನ ಸದ್ದು ಕೇಳಿದರೆ ಒಂದೇ ಒಂದು ಸಲ ಕೂಗುತ್ತಾಳೆ. ಸದ್ದಿಲ್ಲದ ಮನೆ, ಅವಸರವಿಲ್ಲದ ಜನ ಬೇಕು."

ಫೋನ್ ಬಂದದ್ದು ಎರಡೇ. ಒಂದು, ಒಬ್ಬರೇ ಇರುವ ನಿವೃತ್ತ ಮೇಷ್ಟ್ರದ್ದು. "ನನ್ನ ಮನೇಲಿ ಸದ್ದೇ ಇಲ್ಲಮ್ಮ, ಅವಳಿಗೆ ಬೇಜಾರಾಗುತ್ತಾ?" ಅಂತ ಕೇಳಿದರು. ನಾನು ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಫೋಟೊ ಬಗ್ಗೆ ಹೆಚ್ಚು ಹೇಳೋದಿಲ್ಲ, ಮಾಡಿ ಮಾಡಿ ಬರುತ್ತದೆ. ಕಂಬಿ ಕಾಣಬಾರದು. ಫ್ಲ್ಯಾಷ್ ಬೇಡವೇ ಬೇಡ. ನೆಲಕ್ಕೆ ಕೂತು ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿಯಿರಿ. ಕಪ್ಪು ಬೆಕ್ಕಾದರೆ ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಕೂರಿಸಿ, ಪರದೆಯಲ್ಲಿ ಅದರ ಮುಖದ ಮೇಲೆ ಒತ್ತಿದರೆ ಬೆಳಕು ಸರಿಹೋಗುತ್ತದೆ, ಇಲ್ಲದಿದ್ದರೆ ಎರಡು ಕಣ್ಣು ಬಿಟ್ಟರೆ ಬರೀ ಕತ್ತಲೆ. ಕಪ್ಪು ಬೆಕ್ಕುಗಳನ್ನು ಜನ ಅಪಶಕುನ ಅಂತ ಬಿಟ್ಟುಹೋಗೋದು ಒಂದು ಕಡೆ, ಕೆಟ್ಟ ಫೋಟೊದಿಂದಾಗಿ ಯಾರ ಕಣ್ಣಿಗೂ ಬೀಳದೆ ಹೋಗೋದು ಇನ್ನೊಂದು ಕಡೆ. ಎರಡನೆಯದನ್ನು ನಾವೇ ಸರಿಮಾಡಬಹುದು.

ನೋಡಲು ಬಂದವರಿಗೆ ಒಂದು ಕೆಲಸ ಕಲಿಸುತ್ತೇನೆ. ಕೈ ಒಳಗೆ ಹಾಕಬೇಡಿ, ಪಕ್ಕಕ್ಕೆ ತಿರುಗಿ ಕೂತು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಕಣ್ಣು ಕಿರಿದು ಮಾಡಿದವು, ಅಪರಿಚಿತರ ಹತ್ತಿರವೂ ಹೆಚ್ಚು ಬಂದವು. ಪೆಟ್ಟಿಗೆಯೊಳಗಿನ ಬೆಕ್ಕು ತಿರುಗಿ ಕಣ್ಣು ಮಿಟುಕಿಸಿದ ಕ್ಷಣದಲ್ಲಿ ಎಷ್ಟೋ ಜನ ಮನಸ್ಸು ಮಾಡಿದ್ದನ್ನು ನಾನು ಕಂಡಿದ್ದೇನೆ.

ಹೆದರಿಕೆಯ ಪ್ರಶ್ನೆಗಳಿಗೂ ನಿಜವೇ ಉತ್ತರ. ಅತಿ ಹೆಚ್ಚು ಬೆಕ್ಕುಗಳು ವಾಪಸ್ ಬರುವ ಕಾರಣಗಳಲ್ಲಿ ನನಗೆ ತೀರಾ ಸಂಕಟ ಆಗೋದು "ಮನೆಯಲ್ಲಿ ಗರ್ಭಿಣಿ ಇದ್ದಾರೆ" ಅನ್ನೋದು. ಬೆಕ್ಕಿನ ಮಲದಿಂದ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೋಪ್ಲಾಸ್ಮಾ ಅನ್ನೋ ಪರಾವಲಂಬಿ ಜೀವಿಯ ಹೆದರಿಕೆ ಸುಳ್ಳಲ್ಲ, ಆದರೆ ಅದಕ್ಕೆ ಬೆಕ್ಕನ್ನು ಬಿಡಬೇಕಾಗಿಲ್ಲ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಅದನ್ನು ಮಲದಲ್ಲಿ ಹೊರಹಾಕುತ್ತದೆ. ಹೊರಬಿದ್ದ ಮೇಲೂ ಅದು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಹಾಗಾಗಿ ಮನೆಯ ಬೇರೆಯವರು ದಿನಾ ಟ್ರೇ ಸ್ವಚ್ಛ ಮಾಡಿದರೆ ಅಪಾಯ ತುಂಬಾ ಕಡಿಮೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿ, ತೋಟದ ಮಣ್ಣಿನಿಂದಲೂ ಇದು ಬರುತ್ತದೆ. ವಾದ ಮಾಡದೆ ಇಷ್ಟು ಹೇಳಿ, ನಿಮ್ಮ ಡಾಕ್ಟರನ್ನೇ ಕೇಳಿ ನೋಡಿ ಅಂತೇನೆ. ಬೈದು ಕಳಿಸಿದರೆ ಅವರು ಇನ್ನೊಂದು ಸಲ ನಮ್ಮ ಬಾಗಿಲಿಗೆ ಬರೋದಿಲ್ಲ, ಬೆಕ್ಕನ್ನು ರಸ್ತೆಯಲ್ಲಿ ಬಿಟ್ಟುಬಿಡುತ್ತಾರೆ.

ನಾನು ತಿದ್ದಿಕೊಂಡ ಇನ್ನೊಂದು ವಿಷಯ ದತ್ತು ಕೇಳಿ ಬಂದವರ ಜೊತೆಗಿನ ಮಾತು. ಮೊದಲು ನಾಲ್ಕು ಪುಟದ ಫಾರಂ ಇತ್ತು. ಬಾಡಿಗೆ ಮನೆಯವರು ಬೇಡ, ಇಡೀ ದಿನ ಕೆಲಸಕ್ಕೆ ಹೋಗುವವರು ಬೇಡ, ಹೀಗೆ. ಒಂದು ಹುಡುಗಿ ಹತ್ತು ವರ್ಷದ ಹೆಣ್ಣು ಬೆಕ್ಕನ್ನು ಕೇಳಿ ಬಂದಿದ್ದಳು, ದೊಡ್ಡ ವಯಸ್ಸಿನದೇ ಬೇಕು ಅಂತ ಹುಡುಕಿಕೊಂಡು ಬಂದವಳು. ಬಾಡಿಗೆ ಮನೆ ಅಂತ ಕಳಿಸಿಬಿಟ್ಟೆ. ಆ ಬೆಕ್ಕು ಐದು ತಿಂಗಳ ನಂತರ ಕೇಜಿನಲ್ಲೇ ತೀರಿಕೊಂಡಿತು. ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಶುಲ್ಕದ ವಿಷಯದಲ್ಲೂ ಹೀಗೇ ಯೋಚಿಸುತ್ತಿದ್ದೆ, ಪುಕ್ಕಟೆ ಕೊಟ್ಟರೆ ಬೆಲೆ ಇರೋದಿಲ್ಲ ಅಂತ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಶುಲ್ಕ ಕೊಟ್ಟು ದೊಡ್ಡ ಬೆಕ್ಕನ್ನು ಒಯ್ದವರಿಗೂ ಉಚಿತವಾಗಿ ಒಯ್ದವರಿಗೂ ಬೆಕ್ಕಿನ ಮೇಲಿನ ಅಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈಗ ವಯಸ್ಸಾದವುಗಳಿಗೆ ನಾವು ಶುಲ್ಕ ಕೇಳೋದಿಲ್ಲ.

ಬಿಟ್ಟುಕೊಡದ ಮಾತು ಎರಡು. ಒಂದು, ಸಂತಾನ ಆಗದಂತೆ ಆಪರೇಷನ್ ಆಗದೆ ಬೆಕ್ಕು ಹೋಗೋದಿಲ್ಲ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಗಬ್ಬ ಆಗಬಹುದು, ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ. "ಆಮೇಲೆ ಮಾಡಿಸ್ತೀವಿ" ಅನ್ನೋ ಮಾತನ್ನು ನಂಬಿ ಕಳಿಸಿದ ಬೆಕ್ಕಿನ ಮರಿಗಳು ನಮ್ಮಲ್ಲಿಗೇ ಬಂದಿವೆ. ಎರಡು, ಮೇಲಿನ ಮಹಡಿಯಾದರೆ ಕಿಟಕಿ, ಬಾಲ್ಕನಿಗೆ ಬಲೆ. ಬೆಕ್ಕು ಬೀಳೋದಿಲ್ಲ ಅನ್ನೋದು ತಪ್ಪು.

ಕಳಿಸಿದ ಮೇಲೆ ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು ನಾನೇ ಫೋನ್ ಮಾಡುತ್ತೇನೆ. ಮೂರನೇ ದಿನದ ಕರೆಯಲ್ಲಿ ಒಂದೇ ಪ್ರಶ್ನೆ ಮುಖ್ಯ: ಊಟ ಮಾಡಿತಾ? ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಆಗಬಹುದು. ಹಾಗಾಗಿ ಒಂದು ದಿನ ಪೂರ್ತಿ ತಿನ್ನದಿದ್ದರೆ ನನ್ನ ಕರೆಗೆ ಕಾಯದೆ ಫೋನ್ ಮಾಡಿ ಅಂತ ಮೊದಲೇ ಹೇಳಿ ಕಳಿಸುತ್ತೇನೆ. ಉಳಿದದ್ದೆಲ್ಲ ನಿಧಾನಕ್ಕೆ ಆಗುತ್ತದೆ. ಮೇಷ್ಟ್ರಿಗೆ ಮೂರನೇ ತಿಂಗಳು ಫೋನ್ ಮಾಡಿದಾಗ ಅವರು ಪಿಸುಗುಟ್ಟಿ ಮಾತಾಡಿದರು. ಬೂದಿ ಹಗಲು ಹೊತ್ತಿನಲ್ಲೇ ಅವರ ಪಕ್ಕದ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದಳು.

ಅವಳಿದ್ದ ಕೇಜಿಗೆ ಆಮೇಲೆ ಬಂದವನು ಕಾಡಿಗೆ, ಈಗ ಫಾಸ್ಟರ್ ಮನೆಯಲ್ಲಿದ್ದಾನೆ. ಕಪ್ಪು ಗಂಡು, ಎಂಟು ವರ್ಷ, ಎಫ್ಐವಿ ಇದೆ, ಅಂದರೆ ರೋಗ ತಡೆಯುವ ಶಕ್ತಿ ಕುಗ್ಗಿಸುವ ಬೆಕ್ಕಿನ ವೈರಸ್. ಆ ಮೂರಕ್ಷರ ಕೇಳಿದರೆ ಜನ ಹಿಂದೆ ಸರಿಯುತ್ತಾರೆ. ಅದು ಮನುಷ್ಯರಿಗೆ ಬರೋದಿಲ್ಲ, ಬೆಕ್ಕುಗಳ ನಡುವೆ ಮುಖ್ಯವಾಗಿ ಜಗಳದಲ್ಲಿ ಹಲ್ಲು ಆಳವಾಗಿ ನಾಟಿದಾಗ ಹರಡುತ್ತದೆ, ಒಳ್ಳೆಯ ಆರೈಕೆಯಲ್ಲಿ ಎಷ್ಟೋ ಬೆಕ್ಕುಗಳು ಪೂರ್ತಿ ಆಯಸ್ಸು ಬದುಕುತ್ತವೆ. ಇದೆಲ್ಲ ಅವನ ಪೋಸ್ಟ್‌ನಲ್ಲಿ ಇರುತ್ತದೆ, ಆದರೆ ಮೊದಲ ಸಾಲಿನಲ್ಲಿ ಅಲ್ಲ. ನಿನ್ನೆ ಫಾಸ್ಟರ್ ಮನೆಯಿಂದ ಬಂದ ಎರಡು ಸಾಲು ಮೊದಲು ಹಾಕುತ್ತೇನೆ: "ಪುಸ್ತಕ ಓದುತ್ತಿದ್ದೆ. ಬಂದು ಪುಟದ ಮೇಲೆ ಗಲ್ಲ ಇಟ್ಟು ಗುರ್ ಅಂತ ಮಲಗಿದ, ಪುಟ ತಿರುವೋಕೆ ಬಿಡಲಿಲ್ಲ."